ದನಿಯ ಅಲೆಯ ಹಚ್ಚಿ: ಯಾವ ದನಿ ಆರಿಸಬೇಕು, ಅಳತಿ ಎಷ್ಟು, ಎಲ್ಲಿ ಕೆಡ್ತದ?

ತೊಗರಿ_ಕಣಜ, ಸೇಡಂ

ತೀರಿಹೋದವರ ದನಿಯನ್ನ ಅಲೆಯ ಚಿತ್ರ ಮಾಡಿ ಕೈಮ್ಯಾಲ ಹಚ್ಚಿ ಹಾಕಿಸ್ಕೊಳ್ಳೋದು ಈಗ ನಮ್ಮ ಕಡೀನೂ ಶುರು ಆಗ್ಯದ. ಹಾಕಿಸೋ ಮೊದಲು ಏನೇನು ತಿಳ್ಕೊಂಡಿರಬೇಕು ಅಂತ ಬಲ್ಲವ್ರು ಬರೀರಿ. ಲೆಕ್ಕಕ್ಕ ಒಂದು ಉದಾಹರಣಿ ಇಟ್ಕೋರಿ: ವಾಟ್ಸಾಪ್‌ನ್ಯಾಗ ಬಂದ 4 ಸೆಕೆಂಡಿನ ದನಿ, ಹಿಂದ ಫ್ಯಾನಿನ ಸಪ್ಪಳ ಅದ. ಹಾಕೋ ಜಾಗ ಮುಂಗೈ ಒಳಮೈ, ಉದ್ದ 10 ಸೆಂ.ಮೀ. ಫೋನ್ ಹಿಡಿದ್ರ ಹಚ್ಚಿಯೇ ಮಾತಾಡ್ತದ ಅಂತಾರ. ಅದು ಎಷ್ಟು ಖರೆ?

ತಂಬೂರಿ_ತಂತಿ, ಬೀದರ್

ಕೊನೆಯ ಪ್ರಶ್ನೆಯಿಂದಲೇ ಹಿಡಿಯೋಣ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಹಚ್ಚೆಯೊಳಗೆ ದನಿ ಇರುವುದಿಲ್ಲ. ಮಾಮೂಲಿ ಫೋನ್ ಕರೆಯಷ್ಟು ಗುಣಮಟ್ಟಕ್ಕೇ ಸೆಕೆಂಡಿಗೆ 8,000 ಬಿಂದುಗಳು ಬೇಕು. ನಿಮ್ಮ 4 ಸೆಕೆಂಡಿಗೆ 32,000. ನಿಮ್ಮ 10 ಸೆಂ.ಮೀ. ಚರ್ಮದ ಮೇಲೆ 1 ಮಿ.ಮೀ. ಗೆರೆ, 1 ಮಿ.ಮೀ. ಸಂದು ಎಂದು ಹಿಡಿದರೆ ಕೂಡುವುದು 50 ಗೆರೆ. ಆ 50 ಗೆರೆಯಿಂದ ಯಾವ ಯಂತ್ರವೂ ಮಾತನ್ನು ಮರಳಿ ಕಟ್ಟಲಾರದು.

ಗೆರೆಯಿಂದ ದನಿ ಹುಟ್ಟುವುದೇ ಇಲ್ಲ ಅಂತಲ್ಲ. ಫ್ರಾನ್ಸಿನ ಎದುವಾರ್ ಲಿಯೊನ್ ಸ್ಕಾಟ್ ಡಿ ಮಾರ್ಟಿನ್‌ವಿಲ್ 1857ರಲ್ಲಿ ಫೋನೋಟೋಗ್ರಾಫ್ ಎಂಬ ಯಂತ್ರಕ್ಕೆ ಪೇಟೆಂಟ್ ಪಡೆದ. ಮಸಿ ಹಿಡಿಸಿದ ಕಾಗದದ ಮೇಲೆ ಕಂಪಿಸುವ ಸಣ್ಣ ಮುಳ್ಳು ದನಿಯ ಗೆರೆ ಎಳೆಯುತ್ತಿತ್ತು. ಅದನ್ನು ಮತ್ತೆ ಕೇಳುವ ಉಪಾಯ ಅವನ ಬಳಿ ಇರಲಿಲ್ಲ. 1860ರಲ್ಲಿ ಅವನು ಬರೆಸಿದ ಒಂದು ಹಾಡಿನ ತುಣುಕನ್ನು 2008ರಲ್ಲಿ ಅಮೆರಿಕದ ಸಂಶೋಧಕರು ಸ್ಕ್ಯಾನ್ ಮಾಡಿ ನುಡಿಸಿದರು. ಅದು ಸಾಧ್ಯವಾದದ್ದು ಗೆರೆಯಲ್ಲಿ ಒಂದೊಂದು ಕಂಪನವೂ ಬೇರೆಬೇರೆಯಾಗಿ ಮೂಡಿದ್ದರಿಂದ, ಪಕ್ಕದಲ್ಲೇ ಶ್ರುತಿಕವೆಯ (ಟ್ಯೂನಿಂಗ್ ಫೋರ್ಕ್) ಗೆರೆ ಕಾಲದ ಅಳತೆ ಕೊಟ್ಟದ್ದರಿಂದ. ಚರ್ಮಕ್ಕೆ ಅಷ್ಟು ಸೂಕ್ಷ್ಮತೆ ಇಲ್ಲ.

ಫೋನಿನ ಆ್ಯಪ್ ಮಾಡುವುದು ಚಿತ್ರ ಗುರುತಿಸುವ ಕೆಲಸ. ಅಮೆರಿಕದ ಸ್ಕಿನ್ ಮೋಷನ್ ಕಂಪನಿ 2017ರಲ್ಲಿ ಹೆಸರಾದದ್ದು ಈ ಕ್ರಮದಿಂದಲೇ: ಹಚ್ಚೆಯ ಚಿತ್ರವೂ ದನಿಯ ಫೈಲೂ ಸರ್ವರ್‌ನಲ್ಲಿ ಜೋಡಿಯಾಗಿರುತ್ತವೆ, ಕ್ಯಾಮೆರಾ ಚಿತ್ರ ಗುರುತಿಸಿದ ಕೂಡಲೇ ಫೈಲ್ ನುಡಿಯುತ್ತದೆ. ವರ್ಷದ ಚಂದಾ ನಿಂತರೆ, ಸೇವೆಯೇ ಮುಚ್ಚಿದರೆ, ಕೈಮೇಲೆ ಉಳಿಯುವುದು ಚಿತ್ರ ಮಾತ್ರ. ಆದ್ದರಿಂದ ನನ್ನ ಮಾತು ಇಷ್ಟೇ: ಮೊದಲು ದನಿಯ ಮೂಲ ಫೈಲನ್ನು ಭದ್ರ ಮಾಡಿ. ಮನೆಯ ಕಂಪ್ಯೂಟರಿನಲ್ಲಿ ಒಂದು, ಪೆನ್‌ಡ್ರೈವಿನಲ್ಲಿ ಒಂದು, ಬೇರೆ ಊರಿನಲ್ಲಿರುವ ಒಡಹುಟ್ಟಿದವರ ಬಳಿ ಒಂದು. ಹಚ್ಚೆ ಅದಾದ ಮೇಲೆ.

ಕೆಂಪುಬಾಳೆ, ಕಮಲಾಪುರ

ಹಂಗಂದ್ರ ಕ್ಯೂಆರ್ ಕೋಡ್ ಹಾಕ್ಸಿದ್ರ ಆಗಂಗಿಲ್ಲೇನ್ರಿ? ಇಲ್ಲಾ ಹಾಡಿನ ಆ್ಯಪ್ ಸ್ಪಾಟಿಫೈದ ಪಟ್ಟಿಪಟ್ಟಿ ಕೋಡ್? ಯಾವ ಫೋನ್ ಬೇಕಾದ್ರೂ ಓದ್ತದ.

ಸೂಜಿ_ಮಸಿ, ಕಲಬುರಗಿ

ಓದ್ತದ ಖರೆ, ಹೊಸದಿದ್ದಾಗ. ಕ್ಯೂಆರ್‌ನ ಎರಡನೇ ಅಳತಿ 25×25 ಚೌಕ. ಸುತ್ತಲೂ 4 ಚೌಕದಷ್ಟು ಖಾಲಿ ಅಂಚು ಬೇಕೇ ಬೇಕು, ಅಂದ್ರ 33. ಒಂದು ಚೌಕ 1.5 ಮಿ.ಮೀ.ಗಿಂತ ಸಣ್ಣದು ಮಾಡಿದ್ರ ಮುಂದ ಕೂಡಿಹೋಗ್ತದ. ಲೆಕ್ಕ ಹಾಕ್ರಿ, ಸುಮಾರು 5 ಸೆಂ.ಮೀ. ಚೌಕ ಆಯ್ತು. ಅಷ್ಟು ಅಗಲ ಸಪಾಟಾದ ಚರ್ಮ ಎದಿ, ಬೆನ್ನು, ತೊಡಿ ಮ್ಯಾಲ ಸಿಗ್ತದ. ಮುಂಗೈ ಉಂಡಗದ, ಅಂಚು ಬಾಗಿ ಕ್ಯಾಮೆರಾಕ್ಕ ತಪ್ತದ. ಅತಿ ಹೆಚ್ಚಿನ ದೋಷ ತಿದ್ದುವಿಕೆ ಇಟ್ರ 30% ಕೆಟ್ರೂ ಓದ್ತದ ಅಂತಾರ, ಆದ್ರ ಆ ಮಟ್ಟಕ್ಕ ಹೋದ್ರ ಅದೇ ಲಿಂಕಿಗೆ ಚೌಕ ಇನ್ನೂ ಹೆಚ್ಚು ಬೇಕಾಗ್ತಾವ. ಮತ್ತ ಆ ಲಿಂಕು ಸತ್ರ ಏನು ಮಾಡೋರು? ಸ್ಪಾಟಿಫೈದ 23 ಪಟ್ಟಿ ಚರ್ಮಕ್ಕ ಹಗುರ, ಆದ್ರ ಎತ್ತರ ಎಂಟೇ ನಮೂನಿ, ಮಸಿ ಹರಡಿ ಪಟ್ಟಿಗಳ ಎತ್ತರ ಕೆಟ್ರ ಓದೋದೇ ಇಲ್ಲ. ಅದೂ ಕಂಪನಿ ಕೈಯಾಗಿಂದು. ನಾ ಎರಡೂ ಬ್ಯಾಡ ಅಂತೀನಿ.

ತಂಬೂರಿ_ತಂತಿ, ಬೀದರ್

ಇನ್ನು ದನಿಯನ್ನು ಗೆರೆ ಮಾಡುವ ಕ್ರಮ. ಉಚಿತವಾಗಿ ಸಿಗುವ ಆಡಾಸಿಟಿ ಎಂಬ ದನಿ ತಿದ್ದುವ ತಂತ್ರಾಂಶ ಸಾಕು.

ವಾಟ್ಸಾಪ್ ದನಿ ಓಪಸ್ ರೂಪದಲ್ಲಿರುತ್ತದೆ. ಒಂದು ಫೋನಿನಲ್ಲಿ ಹಾಕಿ ಇನ್ನೊಂದು ಫೋನಿನಲ್ಲಿ ರೆಕಾರ್ಡ್ ಮಾಡಬೇಡಿ. ಕೋಣೆಯ ಗದ್ದಲವೆಲ್ಲ ಸೇರಿಕೊಳ್ಳುತ್ತದೆ. ಫೈಲನ್ನೇ ಡಾಕ್ಯುಮೆಂಟ್ ಆಗಿ ಕಳಿಸಿ ಕಂಪ್ಯೂಟರಿಗೆ ಇಳಿಸಿ. ಹಳೆಯ ಆಡಾಸಿಟಿ ತೆರೆಯದಿದ್ದರೆ ಎಫ್‌ಎಫ್‌ಎಂಪೆಗ್ ಎಂಬ ಸಹಾಯಕ ತಂತ್ರಾಂಶ ಹಾಕಿಕೊಳ್ಳಿ. ತೆರೆದ ಕೂಡಲೇ ಒಂದು ವೇವ್ (WAV) ಪ್ರತಿ ಉಳಿಸಿ, ಅದನ್ನು ಮುಟ್ಟಬೇಡಿ. ಮುಂದಿನ ಕೆಲಸವೆಲ್ಲ ಇನ್ನೊಂದು ಪ್ರತಿಯ ಮೇಲೆ.

ಸ್ಟೀರಿಯೊ ಇದ್ದರೆ ಮೋನೊ ಮಾಡಿ. ಮಾತಿಲ್ಲದ, ಫ್ಯಾನಿನ ಸಪ್ಪಳ ಮಾತ್ರ ಇರುವ ಅರ್ಧ ಸೆಕೆಂಡನ್ನು ಆರಿಸಿ ಅದನ್ನು ಗದ್ದಲದ ಮಾದರಿಯಾಗಿ ಕೊಡಿ, ಆಮೇಲೆ ಇಡೀ ತುಣುಕಿಗೆ 6ರಿಂದ 12 ಡೆಸಿಬೆಲ್ ತಗ್ಗಿಸಿ. ಅದಕ್ಕಿಂತ ಹೆಚ್ಚು ತಗ್ಗಿಸಿದರೆ ಮಾತಿನ ತುದಿಗಳೇ ಕತ್ತರಿಸಿಹೋಗುತ್ತವೆ, ‘ಸ’ ‘ಶ’ಗಳು ಮಾಯವಾಗುತ್ತವೆ. 80 ಹರ್ಟ್ಸ್‌ಗಿಂತ ಕೆಳಗಿನದನ್ನು ಹೈಪಾಸ್ ಫಿಲ್ಟರಿನಿಂದ ತೆಗೆಯಿರಿ. ಕಂಪ್ರೆಸರ್, ಲಿಮಿಟರ್ ಹತ್ತಿರಕ್ಕೂ ಹೋಗಬೇಡಿ. ಅವು ಮೆಲುದನಿಯನ್ನೂ ಜೋರುದನಿಯನ್ನೂ ಒಂದೇ ಎತ್ತರಕ್ಕೆ ತರುತ್ತವೆ, ಚಿತ್ರ ಇಟ್ಟಿಗೆಯಂತೆ ಚೌಕಾಗುತ್ತದೆ.

4 ಸೆಕೆಂಡನ್ನು ಹಾಗೇ ಹಾಕಬೇಡಿ. 1.5ರಿಂದ 3 ಸೆಕೆಂಡಿಗೆ ಕತ್ತರಿಸಿ. 3 ಸೆಕೆಂಡನ್ನು ಸೆಕೆಂಡಿಗೆ 8,000 ಬಿಂದುಗಳಿಗೆ ಇಳಿಸಿದರೆ (ರಿಸ್ಯಾಂಪಲ್) 24,000 ಅಂಕಿ. ಸ್ಯಾಂಪಲ್ ಡೇಟಾ ಎಕ್ಸ್‌ಪೋರ್ಟ್‌ನಲ್ಲಿ ಮಿತಿಯ ಜಾಗದಲ್ಲಿ 24,000 ತುಂಬಿ. ಅಳತೆ ಡೆಸಿಬೆಲ್ ಬೇಡ, ಲೀನಿಯರ್ ಇರಲಿ. ಹೊರಬಂದ ಅಂಕಿಗಳನ್ನು ಎಕ್ಸೆಲ್‌ಗೆ ಹಾಕಿ 480ರಂತೆ 50 ಗುಂಪು ಮಾಡಿ. ಪ್ರತಿ ಗುಂಪಿನಲ್ಲೂ ಅಂಕಿಗಳ ವರ್ಗ, ಅವುಗಳ ಸರಾಸರಿ, ಅದರ ವರ್ಗಮೂಲ. ಗುಂಪಿನ ಅತಿ ದೊಡ್ಡ ಅಂಕಿ ಹಿಡಿಯಬೇಡಿ, ಫೋನ್ ಬಟನ್ನಿನ ಒಂದು ಟಿಕ್ ಸಪ್ಪಳವೂ ದೊಡ್ಡ ಗೆರೆಯಾಗಿ ನಿಂತುಬಿಡುತ್ತದೆ. ಎಲ್ಲಕ್ಕಿಂತ ದೊಡ್ಡ ಗುಂಪನ್ನು 1 ಎಂದಿಟ್ಟು ಉಳಿದವನ್ನು ಅದಕ್ಕೆ ಹೋಲಿಸಿ, ಮತ್ತೊಮ್ಮೆ ವರ್ಗಮೂಲ ತೆಗೆದು, 25 ಮಿ.ಮೀ.ನಿಂದ ಗುಣಿಸಿ. ಈ ಎರಡನೇ ವರ್ಗಮೂಲ ಯಾಕೆಂದರೆ 0.04 ಇರುವ ಮೆಲುದನಿ ನೇರ ಲೆಕ್ಕದಲ್ಲಿ 1 ಮಿ.ಮೀ. ಚುಕ್ಕೆಯಾಗಿ ಕಳೆದುಹೋಗುತ್ತದೆ, ವರ್ಗಮೂಲ ತೆಗೆದರೆ 5 ಮಿ.ಮೀ. ಗೆರೆಯಾಗಿ ಕಾಣುತ್ತದೆ. ಆಕಾರದ ಏರಿಳಿತ ಉಳಿಯುತ್ತದೆ, ಸಣ್ಣದೂ ಬದುಕುತ್ತದೆ.

ತೊಗರಿ_ಕಣಜ, ಸೇಡಂ

ಕತ್ತರಿಸ್ರಿ ಅಂದ್ರ ಯಾವ ತುಣುಕು ಇಟ್ಕೋಬೇಕ್ರಿ ಸರ್? ಎಲ್ಲಾ ಮಾತೂ ಒಂದೇ ಥರ ಕಾಣ್ತಾವಲ್ಲ.

ತಂಬೂರಿ_ತಂತಿ, ಬೀದರ್

ಒಂದೇ ಥರ ಕಾಣುವುದಿಲ್ಲ. ಚಿತ್ರದ ಚೆಂದವೆಲ್ಲ ಇರುವುದು ಇಲ್ಲೇ. ‘ಅಪ್ಪಾ’ ಎನ್ನಿ. ‘ಪ್ಪ’ಕ್ಕೆ ತುಟಿ ಪೂರ್ತಿ ಮುಚ್ಚುತ್ತದೆ, ಸುಮಾರು 100ರಿಂದ 200 ಮಿಲಿಸೆಕೆಂಡ್ ದನಿಯೇ ಇಲ್ಲ. ಚಿತ್ರದಲ್ಲಿ ಒಂದು ಸಣ್ಣ ಗುಡ್ಡ, ನಡುವೆ ಖಾಲಿ, ಆಮೇಲೆ ಉದ್ದನೆಯ ಗುಡ್ಡ. 1.5 ಸೆಕೆಂಡನ್ನು 50 ಗೆರೆ ಮಾಡಿದರೆ ಒಂದೊಂದು ಗೆರೆಗೆ 30 ಮಿಲಿಸೆಕೆಂಡ್, ಆ ಖಾಲಿ ಜಾಗ 3ರಿಂದ 6 ಗೆರೆಯಷ್ಟು ಅಗಲ. ದೂರದಿಂದಲೂ ಗುರುತು ಸಿಗುತ್ತದೆ. ‘ಅವ್ವಾ’, ‘ಅಮ್ಮಾ’ ಹಾಗಲ್ಲ: ‘ವ್ವ’, ‘ಮ್ಮ’ದಲ್ಲಿ ದನಿ ನಿಲ್ಲುವುದಿಲ್ಲ, ಸೊಂಟದಂತೆ ಸಣ್ಣಗಾಗಿ ಮತ್ತೆ ಉಬ್ಬುತ್ತದೆ. ಕ, ಟ, ತ, ಪ ಇದ್ದರೆ ಖಾಲಿ. ಸ, ಶ ಇದ್ದರೆ ತಗ್ಗಾದ ಒರಟು ಪಟ್ಟಿ. ‘ಆ’ ಎಲ್ಲಕ್ಕಿಂತ ಎತ್ತರ, ‘ಇ’ ‘ಉ’ ಅದಕ್ಕಿಂತ ಗಿಡ್ಡ.

ಕರೆದ ಮಾತು, ಕೇಳಿದ ಪ್ರಶ್ನೆ ಆರಿಸಿ. ‘ಉಣ್ಣಾಕ ಬಾ’, ‘ಮುಟ್ಟಿದೇನಪಾ’ ಇಂಥವು ಚಿಕ್ಕವು, ನಡುವೆ ತಡೆ ಇರುವಂಥವು, ಹೇಳಿದವರ ಲಯವೂ ಅದರಲ್ಲಿ ಇರುತ್ತದೆ. ಒಂದೇ ಸಮನೆ ಎಳೆದ ಆಲಾಪ, ಹಾರ್ಮೋನಿಯಂ ಸ್ವರ, ತಗಡಿನ ಮೇಲಿನ ಮಳೆ ಕಿವಿಗೆ ಎಷ್ಟು ಪ್ರಿಯವಾದರೂ ಅಲೆಯ ಚಿತ್ರದಲ್ಲಿ ಬರೀ ಪಟ್ಟಿ. ತತ್ವಪದದ ಏಕತಾರಿ ಬೇಕೆಂದರೆ ಒಂದೇ ಮೀಟು ತೆಗೆದುಕೊಳ್ಳಿ: ಥಟ್ಟನೆ ಏರಿ ನಿಧಾನಕ್ಕೆ ಇಳಿಯುವ ಬಾಲ. ಗುಡಿಯ ಗಂಟೆಯೂ ಚೆನ್ನ. ದೊಡ್ಡ ಗಂಟೆಯಲ್ಲಿ ಹತ್ತಿರ ಹತ್ತಿರದ ಎರಡು ಕಂಪನ ಕೂಡಿ ದನಿ ಏರಿಳಿಯುತ್ತದೆ, ಆ ಏರಿಳಿತ ಬಾಲದ ಉದ್ದಕ್ಕೂ ಗಂಟುಗಂಟಾಗಿ ಮೂಡುತ್ತದೆ. ಆದರೆ ಗಂಟೆಗೆ 5ರಿಂದ 8 ಸೆಕೆಂಡ್ ಬೇಕು.

ಸೂಜಿ_ಮಸಿ, ಕಲಬುರಗಿ

ಈಗ ಚರ್ಮದ ಮಾತು. ಮಸಿ ಮ್ಯಾಲಿನ ಪದರ ದಾಟಿ ಕೆಳಗಿನ ಪದರಕ್ಕ ಹೋಗಬೇಕು, 1ರಿಂದ 2 ಮಿ.ಮೀ. ಆಳ. ಮ್ಯಾಲೇ ಉಳಿದ್ರ ಕೆಲವು ವಾರದಾಗ ಉದುರ್ತದ. ಆಳ ಹೋದ್ರ ಕೊಬ್ಬಿನ್ಯಾಗ ಹರಡಿ ಗೆರಿ ಸುತ್ತ ನೀಲಿ ನೆರಳು ಬೀಳ್ತದ. ಅದು ಹೋಗಂಗಿಲ್ಲ. ಮುಂಗೈ ಒಳಮೈ ಚರ್ಮ ತೆಳ್ಳಗದ, ಹಂಗಾಗಿ ಅಲ್ಲೇ ಈ ಕೇಡು ಜಾಸ್ತಿ.

ನೇರ ಗೆರಿಗೆ 3 ಇಲ್ಲಾ 5 ಸೂಜಿ ದುಂಡಗ ಕೂಡಿಸಿದ ರೌಂಡ್ ಲೈನರ್ ಸಾಕು. ಸೂಜಿ ಪೊಟ್ಟಣದ ಮ್ಯಾಲ 10 ಅಂದ್ರ 0.30 ಮಿ.ಮೀ., 12 ಅಂದ್ರ 0.35 ಮಿ.ಮೀ. ದಪ್ಪ. ಒಂದೇ ಸೂಜಿಲೇ ಕೂದಲೆಳಿ ಗೆರಿ ಹಾಕಿ ಅಂತ ಇನ್‌ಸ್ಟಾಗ್ರಾಂ ಫೋಟೊ ತೋರಸ್ತಾರ. ಆ ಫೋಟೊ ಹಾಕಿದ ದಿನದ್ದು. ವರ್ಷಗಳು ಹೋದಂಗ ಪ್ರತಿ ಗೆರಿ ಅಗಲ ಆಗ್ತದ, ಸಂದು ಕಿರಿದಾಗ್ತದ. ಸಂದು 1 ಮಿ.ಮೀ.ಗಿಂತ ಕಡಿಮಿ ಇದ್ರ ಮುಂದ 50 ಗೆರಿ ಒಂದು ಕರಿ ಕಲಿ ಆಗ್ತದ. ನನ್ನ ಕೇಳಿದ್ರ 10 ಸೆಂ.ಮೀ.ಗೆ 40 ಗೆರಿ, ಸಂದು 1.5 ಮಿ.ಮೀ. ಅತಿ ಗಿಡ್ಡ ಗೆರಿ 2 ಮಿ.ಮೀ.ಗಿಂತ ಕಡಿಮಿ ಬ್ಯಾಡ.

ತಾಂಡಾದಾಗ ಲಂಬಾಣಿ ಅಜ್ಜಿಯರ ಕೈ ನೋಡ್ರಿ. ಕೈಲೇ ಚುಚ್ಚಿದ ಚುಕ್ಕಿ ಹಚ್ಚಿ, ಎಷ್ಟೋ ದಶಕ ಆದ್ರೂ ಎಣಿಸಬಹುದು. ಕಾರಣ ಮಸಿ ಅಲ್ಲ, ಚುಕ್ಕಿ ಚುಕ್ಕಿ ನಡುವಿನ ಬಯಲು. ಅಲೆಯ ಗೆರಿಯನ್ನೂ ಕಂಬಕಂಬವಾಗಿ ಚುಕ್ಕಿಯಾಗ ಹಾಕಬಹುದು. ಒಂದು ಚುಕ್ಕಿ 1 ಮಿ.ಮೀ., ನಡುವ 2 ಮಿ.ಮೀ. ಮುಪ್ಪಾದ್ರೂ ಕಾಣ್ತದ.

ಸ್ಟೆನ್ಸಿಲ್ (ಚರ್ಮಕ್ಕ ಅಂಟಿಸೋ ಮಾದರಿ ಚಿತ್ರ) ಪ್ರಿಂಟ್ ಕೊಡುವಾಗ ‘ಪುಟಕ್ಕೆ ಹೊಂದಿಸು’ ಆಯ್ಕೆ ತೆಗೀರಿ, 100% ಇರಲಿ. ಸ್ಕೇಲ್ ಹಿಡಿದು ಅಳೀರಿ. ಗೆರಿ ಶುರು ಆಗೋ ಕಡಿ ಬಾಣದ ಗುರುತು ಮಾಡ್ರಿ, ಯಾಕಂದ್ರ ಮ್ಯಾಲ-ಕೆಳಗ ಸಮ ಇರೋ ಅಲೆ ತಿರುಗಿಸಿ ಅಂಟಿಸಿದ್ರ ಯಾರಿಗೂ ಗೊತ್ತಾಗಂಗಿಲ್ಲ, ಮಾತು ಮಾತ್ರ ಹಿಂದುಮುಂದಾಗಿರ್ತದ. ಅಂಟಿಸುವಾಗ ನಿಂತು ಕೈ ಸಡಿಲ ಬಿಟ್ಟಿರಬೇಕು. ಟೇಬಲ್ ಮ್ಯಾಲ ಅಂಗೈ ಮ್ಯಾಕ ಮಾಡಿ ಅಂಟಿಸಿದ್ರ ಕೈ ಇಳಿಬಿಟ್ಟಾಗ ಗೆರಿ ತಿರುಚ್ತದ. ಮಣಿಕಟ್ಟಿನ ಮಡಿಕಿಯಿಂದ 2 ಬೆರಳು ಮ್ಯಾಲೇ ನಿಲ್ಲಿಸ್ರಿ.

ಬಿದ್ರಿ_ತಾರು, ಬೀದರ್

ಗೆರೆಯ ಬದಲು ಬಯಲನ್ನೇ ಚಿತ್ರ ಮಾಡುವ ದಾರಿಯೂ ಇದೆ. ಬಿದ್ರಿ ಕರಕುಶಲದಲ್ಲಿ ಸತು-ತಾಮ್ರದ ಲೋಹ ಬೀದರ್ ಕೋಟೆಯ ಮಣ್ಣಿನಿಂದ ಕಪ್ಪಾಗುತ್ತದೆ, ಬೆಳ್ಳಿಯ ತಂತಿ ಕಪ್ಪಾಗುವುದಿಲ್ಲ, ಅದರಿಂದಲೇ ಗೆರೆ ಎದ್ದು ಕಾಣುತ್ತದೆ. ಚರ್ಮದ ಮೇಲೆ ಕಪ್ಪು ಪಟ್ಟಿ ತುಂಬಿ ಅಲೆಯನ್ನು ಬರಿಚರ್ಮವಾಗಿ ಬಿಡಬಹುದು. ಆಗ ಲೆಕ್ಕ ತಿರುವುಮುರುವು: ಮಸಿ ಎರಡೂ ಕಡೆಯಿಂದ ಒಳಗೆ ಸರಿಯುತ್ತದೆ, ಬಿಟ್ಟ ಗೆರೆ ಕನಿಷ್ಠ 2 ಮಿ.ಮೀ. ಇರಬೇಕು, ಆದ್ದರಿಂದ 10 ಸೆಂ.ಮೀ.ಗೆ 25 ಗೆರೆ ಮೀರುವಂತಿಲ್ಲ. ಬಿಟ್ಟ ಜಾಗದಲ್ಲಿ ಬಿಳಿ ಮಸಿ ತುಂಬಿಸಲು ಒಪ್ಪಬೇಡಿ. ನಮ್ಮ ಗೋಧಿ, ಕಪ್ಪು ಮೈಬಣ್ಣದಲ್ಲಿ ಬಿಳಿ ಬೇಗ ಹಳದಿಗೆ ತಿರುಗಿ ಕಲೆಯಂತೆ ಕಾಣುತ್ತದೆ. ಬರಿಚರ್ಮದ ಬಣ್ಣವೇ ಚೆಂದ.

ಕೆಂಪುಬಾಳೆ, ಕಮಲಾಪುರ

ಓಂಕಾರದ ಕಂಪನದಿಂದ ಮರಳಿನ್ಯಾಗ ಶ್ರೀಚಕ್ರ ಮೂಡ್ತದ, ಅದನ್ನೇ ಹಚ್ಚಿ ಹಾಕಿಸ್ಬಹುದು ಅಂತ ವಿಡಿಯೊ ಬಂದಾವ. ಅದು?

ಶಹಾಬಾದ_ಪರಸಿ, ಶಹಾಬಾದ

ಅದು ನಿಜವಲ್ಲ. ಜರ್ಮನಿಯ ಅರ್ನ್‌ಸ್ಟ್ ಕ್ಲಾಡ್ನಿ 1787ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಮರಳಿನ ಚಿತ್ರಗಳಿವೆ. ತಟ್ಟೆಯ ಮೇಲೆ ಮರಳು ಉದುರಿಸಿ ಅಂಚಿಗೆ ಪಿಟೀಲಿನ ಕಮಾನು ಎಳೆದರೆ, ತಟ್ಟೆ ಅಲುಗದ ಗೆರೆಗಳಲ್ಲಿ ಮರಳು ಕೂಡುತ್ತದೆ. ಚಿತ್ರವನ್ನು ನಿರ್ಧರಿಸುವುದು ತಟ್ಟೆಯ ಆಕಾರ, ದಪ್ಪ, ಹಿಡಿದ ಜಾಗ, ಕಂಪನದ ಆವರ್ತನ. ಅದೇ ಸ್ವರವನ್ನು ಚೌಕ ತಟ್ಟೆಗೂ ದುಂಡು ತಟ್ಟೆಗೂ ಕೊಟ್ಟರೆ ಬೇರೆಬೇರೆ ಚಿತ್ರ. ಒಂದು ಅಕ್ಷರಕ್ಕೆ, ಒಂದು ಮಂತ್ರಕ್ಕೆ ತನ್ನದೇ ಎಂಬ ಚಿತ್ರ ಇರುವುದಿಲ್ಲ.

ಹಾಗಂತ ಅದನ್ನು ಬಿಡಬೇಕಾಗಿಲ್ಲ, ಸರಿಯಾಗಿ ಮಾಡಿದರೆ ಅದು ಪ್ರಾಮಾಣಿಕ ಚಿತ್ರವೇ. 20 ಸೆಂ.ಮೀ. ಚೌಕದ, 1 ಮಿ.ಮೀ. ದಪ್ಪದ ಉಕ್ಕಿನ ತಗಡು, ನಟ್ಟನಡುವೆ ಒಂದು ತೂತು, ಅದನ್ನು ಸ್ಪೀಕರಿನ ಕೋನಿಗೆ ಅಂಟಿಸಿದ ಕಡ್ಡಿಗೆ ಬಿಗಿಯಿರಿ. ಜರಡಿ ಹಿಡಿದ ಒಣ ಮರಳು ತೆಳ್ಳಗೆ ಉದುರಿಸಿ. ಫೋನಿನ ಟೋನ್ ಜನರೇಟರನ್ನು 100 ಹರ್ಟ್ಸ್‌ನಿಂದ ಮೆಲ್ಲಗೆ ಏರಿಸುತ್ತ ಹೋಗಿ. ಎಲ್ಲ ಆವರ್ತನಕ್ಕೂ ಚಿತ್ರ ಬರುವುದಿಲ್ಲ, ತಗಡಿನ ಅನುರಣನಕ್ಕೆ ಹೊಂದಿದಾಗ ಮಾತ್ರ ಮರಳು ಗೆರೆಯಾಗುತ್ತದೆ. ಗೆರೆ ಒಂದೇ ಕಡೆ ದಪ್ಪವಾದರೆ ತಗಡು ಮಟ್ಟವಾಗಿಲ್ಲ ಎಂದರ್ಥ. ಕ್ಯಾಮೆರಾ ನೇರ ಮೇಲಿನಿಂದ ಹಿಡಿಯಿರಿ. ಮನೆಯವರ ದನಿಯ ಶ್ರುತಿ ಅಳೆದು, ಅದಕ್ಕೆ ಅತಿ ಹತ್ತಿರದ ಅನುರಣನದ ಚಿತ್ರ ತೆಗೆದುಕೊಳ್ಳಬಹುದು, ‘ಈ ತಗಡಿನ ಮೇಲೆ, ಈ ಸ್ವರಕ್ಕೆ’ ಎಂದು ತಿಳಿದೇ.

ತಬಲಾ ನುಡಿಸಿದವರ ನೆನಪಿಗಾದರೆ ಇನ್ನೂ ಒಳ್ಳೆಯದಿದೆ. ಸಿ.ವಿ. ರಾಮನ್ ನಮ್ಮ ಚರ್ಮವಾದ್ಯಗಳ ಬಗ್ಗೆ 1920ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. 1934ರ ಲೇಖನದಲ್ಲಿ ಚರ್ಮದ ಮೇಲೆ ಮರಳು ಉದುರಿಸಿ ಪಡೆದ ಚಿತ್ರಗಳಿವೆ. ನಡುವಿನ ಕರಣೆಯ (ಕಪ್ಪು ಬಿಲ್ಲೆ) ಭಾರದಿಂದ ಮೊದಲ ಐದು ಸ್ವರಾಂಶಗಳು ಶ್ರುತಿಬದ್ಧವಾಗುತ್ತವೆ ಎಂಬುದು ಅವರು ತೋರಿಸಿದ ವಿಷಯ. ಎರಡನೆಯದಕ್ಕೆ ವೃತ್ತದೊಳಗೆ ಒಂದು ವ್ಯಾಸ, ಮೂರನೆಯದಕ್ಕೆ ಅಡ್ಡಹಾದ ಎರಡು ವ್ಯಾಸ ಇಲ್ಲವೇ ಒಂದು ಒಳವೃತ್ತ, ನಾಲ್ಕನೆಯದಕ್ಕೆ ಮೂರು ವ್ಯಾಸ. 4 ಸೆಂ.ಮೀ. ವೃತ್ತದಲ್ಲಿ ಇವು ದಪ್ಪ ಗೆರೆಯಲ್ಲೇ ಕೂಡುತ್ತವೆ, ಎಷ್ಟು ವರ್ಷ ಕಳೆದರೂ ಓದಬಹುದು. ಅಲೆಯ ಹಚ್ಚೆಗಿಂತ ಇದು ಚರ್ಮಕ್ಕೆ ಹೆಚ್ಚು ಒಗ್ಗುತ್ತದೆ ಎಂದೇ ನನ್ನ ಎಣಿಕೆ.

ಭೀಮಾದಂಡಿ, ಯಾದಗಿರಿ

ಎದಿಬಡಿತದ ಇಸಿಜಿ ಹಾಕಿಸೋರಿಗೂ ಒಂದು ಮಾತು. ಅದು ದನಿ ಅಲ್ಲ, ವಿದ್ಯುತ್ತಿನ ಗೆರಿ. ಕಾಗದ ಸೆಕೆಂಡಿಗೆ 25 ಮಿ.ಮೀ. ಓಡ್ತದ, 1 ಮಿಲಿವೋಲ್ಟಿಗೆ 10 ಮಿ.ಮೀ. ಎತ್ತರ. ನಿಮಿಷಕ್ಕ 75 ಬಡಿತ ಇದ್ರ ಒಂದು ಬಡಿತಕ್ಕ 20 ಮಿ.ಮೀ. ಅದರಾಗಿನ ಚೂಪು ಶಿಖರ 2ರಿಂದ 2.5 ಮಿ.ಮೀ. ಅಗಲ ಅಷ್ಟೇ, ಏರೋ ಗೆರಿ ಇಳಿಯೋ ಗೆರಿ ಕೂಡಿಹೋಗ್ತಾವ. ಎರಡು ಪಟ್ಟು ದೊಡ್ಡದು ಮಾಡಿ ಎರಡೇ ಬಡಿತ ಹಾಕ್ರಿ. ಶಿಖರದ ಮುಂದಿನ ಸಣ್ಣ ಉಬ್ಬು, ಹಿಂದಿನ ದೊಡ್ಡ ಉಬ್ಬು ಎರಡೂ ಇರಬೇಕು. ‘ಚೆಂದ ಕಾಣಲಿ’ ಅಂತ ಅವನ್ನ ನೇರ ಮಾಡಿದ್ರ ಅದು ಆ ಮನುಷ್ಯಾರ ಇಸಿಜಿ ಉಳಿಯಂಗಿಲ್ಲ. ಕಾಗದ ಶಾಖಕ್ಕ ಕರ್ರಗಾಗೋ ಜಾತಿದು, ತಾನೇ ಮಾಸ್ತದ. ಇವತ್ತೇ ಸ್ಕ್ಯಾನ್ ಮಾಡ್ರಿ. ಲ್ಯಾಮಿನೇಷನ್ ಬ್ಯಾಡ, ಬಿಸಿಗೆ ಪೂರಾ ಕರ್ರಗಾಗ್ತದ. ಹೊಟ್ಟ್ಯಾಗಿನ ಕೂಸಿನ ಡಾಪ್ಲರ್ ಸಪ್ಪಳನೂ ಗುಂಡಿಗಿಯ ಖರೆ ದನಿ ಅಲ್ಲ, ಚಲನಿಯನ್ನ ಯಂತ್ರ ದನಿ ಮಾಡಿ ಕೇಳಿಸಿದ್ದು. ಅದ್ರ ಲಯ ಮಾತ್ರ ಖರೆ.

ಹುಷಾರು ಇರಬೇಕಾದ್ದು: ಸೂಜಿ ಕಾರ್ಟ್ರಿಜ್ ನಿಮ್ಮ ಕಣ್ಣೆದುರಿಗೆ ಪೊಟ್ಟಣ ಹರಿದು ತೆಗೀಬೇಕು. ಮಸಿ ಸಣ್ಣ ಬಟ್ಟಲಿಗೆ ಹೊಸದಾಗಿ ಸುರೀಬೇಕು, ಉಳಿದದ್ದು ಚೆಲ್ಲಬೇಕು. ಮಸಿ ತೆಳು ಮಾಡ್ಲಿಕ್ಕ ನಳದ ನೀರು ಹಾಕಿದ್ರ ಎದ್ದು ಬರ್ರಿ; ನೀರಿನ ಮೈಕೋಬ್ಯಾಕ್ಟೀರಿಯಾದಿಂದ ವಾರಗಳ ಮ್ಯಾಲ ಕೆಂಪು ಗಂಟು ಏಳ್ತಾವ, ತಿಂಗಳುಗಟ್ಟಲೆ ಔಷಧ ಬೇಕಾಗ್ತದ. ಜಾತ್ರ್ಯಾಗ ಒಂದೇ ಸೂಜಿಲೇ ಸಾಲು ಮಂದಿಗೆ ಹಾಕಿದ್ರ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಎಲ್ಲಕ್ಕೂ ದಾರಿ. ಹಳೇ ಗಾಯ ಉಬ್ಬಿ ಬೆಳೆದ ಮೈ ಇದ್ರ ಎದಿ, ಭುಜದ ಮ್ಯಾಲ ಹಾಕಿಸ್ಲೇಬ್ಯಾಡ್ರಿ. ಸಕ್ಕರಿ ಕಾಯಿಲಿ ಹತೋಟಿಗೆ ಬರೋತನಕ ಕಾಯ್ರಿ.

ಕಾಲ ನವೆಂಬರಿನಿಂದ ಜನವರಿ. ನಮ್ಮ ಏಪ್ರಿಲ್-ಮೇ 40 ಡಿಗ್ರಿ ದಾಟ್ತದ, ಬೆವರಿಗೆ ಹಕ್ಕಳಿ ಮೆತ್ತಗಾಗಿ ಮಸಿ ಜತಿ ಏಳ್ತದ. ಮೇಲ್ಮೈ ಮಾಯಲಿಕ್ಕ 2ರಿಂದ 3 ವಾರ: ದಿನಕ್ಕ ಎರಡು ಸಲ ವಾಸನಿ ಇಲ್ಲದ ಸೋಪು, ಒತ್ತಿ ಒಣಗಿಸೋದು, ಮುಲಾಮು ತೆಳ್ಳಗ. ಅರಿಷಿಣ, ಕೊಬ್ಬರಿ ಎಣ್ಣಿ ಹಚ್ಚಬ್ಯಾಡ್ರಿ. ಬಾವಿ, ಹೊಳಿ, ಕಾಲುವಿ ಈಜು ಒಂದು ತಿಂಗಳು ಬಂದ್. ಮಾದ ಮ್ಯಾಲ ಬಿಸಿಲಿಗೆ ಹೋಗುವಾಗ ತೋಳು ಮುಚ್ಚೋ ಅಂಗಿ ಇಲ್ಲಾ ಸನ್‌ಸ್ಕ್ರೀನ್.

ಕೆಂಪುಬಾಳೆ, ಕಮಲಾಪುರ

ಸೇನಾ, ಪೊಲೀಸ್ ಭರ್ತಿಗೆ ಹೋಗೋ ಹುಡುಗ್ರು ಹಾಕಿಸ್ಬಹುದೇನ್ರಿ ಅಣ್ಣಾ?

ಭೀಮಾದಂಡಿ, ಯಾದಗಿರಿ

ಭರ್ತಿ ಮುಗಿಯೋತನಕ ಬ್ಯಾಡ ತಮ್ಮಾ. ಸೇನಾದಾಗ ಮೊಣಕೈಯಿಂದ ಮಣಿಕಟ್ಟಿನತನಕ ಮುಂಗೈ ಒಳಮೈ, ಅಂಗೈ ಹಿಂಬದಿ ಇಷ್ಟಕ್ಕೇ ಒಪ್ಪಿಗಿ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಾಗ ಇನ್ನೂ ಬಿಗಿ: ಎಡ ಮುಂಗೈ ಒಳಮೈಯಂಥ ಜಾಗ, ಆ ಅಂಗದ ಕಾಲು ಭಾಗಕ್ಕಿಂತ ಕಡಿಮಿ, ಚಿತ್ರ ಹೆಸರು ಇಲ್ಲಾ ಧಾರ್ಮಿಕ ಗುರುತು ಇರಬೇಕು. ದನಿಯ ಅಲೆ ಅದಕ್ಕ ಕೂಡ್ತದೋ ಇಲ್ಲೋ ಅಂತ ವೈದ್ಯಕೀಯ ತಪಾಸಣಿ ದಿನ ವಾದ ಮಾಡ್ಲಿಕ್ಕಾಗಂಗಿಲ್ಲ. ಆ ವರ್ಷದ ಅಧಿಸೂಚನಿ ಓದ್ಕೋ. ರಕ್ತ ಕೊಡೋರೂ ಗಮನಿಸ್ರಿ, ಹಚ್ಚಿ ಹಾಕಿಸಿದ ಮ್ಯಾಲ 12 ತಿಂಗಳು ರಕ್ತದಾನ ಮಾಡಂಗಿಲ್ಲ.

ತೊಗರಿ_ಕಣಜ, ಸೇಡಂ

ಕ್ಯಾಸೆಟ್‌ನ್ಯಾಗ ದನಿ ಇದ್ದವ್ರಿಗೆ ಏನು ಹೇಳ್ತೀರಿ ಸರ್? ಭಜನಿ ಕ್ಯಾಸೆಟ್ ಮನಿಮನ್ಯಾಗ ಬಿದ್ದಾವ.

ತಂಬೂರಿ_ತಂತಿ, ಬೀದರ್

ಮೊದಲು ಮೇಲಂಚಿನ ಎರಡು ಪ್ಲಾಸ್ಟಿಕ್ ಕಿವಿ ಮುರಿಯಿರಿ, ಮೇಲೆ ಬೇರೆ ದನಿ ಬೀಳುವ ಭಯ ಇರುವುದಿಲ್ಲ. ಪಟ್ಟಿಯ ಮೇಲೆ ಬಿಳಿ ಬೂಷ್ಟು ಕಂಡರೆ ನುಡಿಸಬೇಡಿ. ಅದು ಪ್ಲೇಯರಿನ ಹೆಡ್ಡಿಗೆ (ಪಟ್ಟಿಯಿಂದ ದನಿ ಓದುವ ಭಾಗ) ಅಂಟಿ ಇತರ ಕ್ಯಾಸೆಟ್ಟಿಗೂ ಹರಡುತ್ತದೆ. ಬಹಳ ದಿನ ಮುಟ್ಟದ ಕ್ಯಾಸೆಟ್ಟನ್ನು ಪೆನ್ಸಿಲಿನಿಂದ ಸ್ವಲ್ಪ ಸುತ್ತಿ ನೋಡಿ, ಬಿಗಿ ಇಲ್ಲದಿದ್ದರೆ ಒಮ್ಮೆ ಪೂರ್ತಿ ಮುಂದೆ, ಒಮ್ಮೆ ಪೂರ್ತಿ ಹಿಂದೆ ಓಡಿಸಿ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್-ಇನ್‌ಗೆ 3.5 ಮಿ.ಮೀ. ತಂತಿ, 44,100 ಹರ್ಟ್ಸ್, 16 ಬಿಟ್. ದನಿ ಮಂಕಾಗಿದ್ದರೆ ಹೆಡ್ ಪಕ್ಕದ, ಅದರ ಓರೆ ಸರಿಪಡಿಸುವ ಅಜಿಮತ್ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತ ‘ಸ’ಕಾರ ಅತಿ ಸ್ಪಷ್ಟವಾಗುವ ಜಾಗದಲ್ಲಿ ನಿಲ್ಲಿಸಿ, ಆಮೇಲೆ ರೆಕಾರ್ಡ್ ಮಾಡಿ. ಈಕ್ವಲೈಸರಿನಿಂದ ಆ ಸ್ಪಷ್ಟತೆ ಬರುವುದಿಲ್ಲ. ಎರಡೂ ಬದಿಯನ್ನು ಪೂರ್ತಿ ಇಳಿಸಿ. ಭಜನೆ ಶುರುವಾಗುವ ಮುಂಚೆ, ಹಾಡು ಹಾಡಿನ ನಡುವೆ ಜನ ಆಡಿದ ಮಾತು ಅಲ್ಲೇ ಸಿಗುತ್ತದೆ.